ಯುದ್ಧಕಾಲದ ನಾಯಕರನ್ನು ಅಳೆಯುವಾಗ ಅಡುಗೆಮನೆಯನ್ನೂ ನೋಡಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ನಾಯಕರ ಬಗ್ಗೆ ಬಂದ ಲೇಖನ ಓದಿದೆ. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಚರ್ಚಿಲ್ ತಮ್ಮ ಜನಕ್ಕೆ ಹೇಗೆ ಧೈರ್ಯ ತುಂಬಿದರು ಅಂತ ಚೆನ್ನಾಗಿ ಬರೆದಿದ್ದಾರೆ. ಅದನ್ನು ಅಲ್ಲಗಳೆಯುವುದಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು, ಮಕ್ಕಳಿಗೆ ನಾನೂ ಅದನ್ನೇ ಹೇಳಿಕೊಟ್ಟಿದ್ದೇನೆ. ಆದರೆ ಯುದ್ಧಕ್ಕೆ ಹೋಗದೆ ಮನೆಯಲ್ಲಿ ಉಳಿದವರು ಆ ಆರು ವರ್ಷ ಏನು ಉಂಡರು ಅನ್ನುವುದಕ್ಕೆ ಲೇಖನದಲ್ಲಿ ಎರಡೇ ಸಾಲು. 1943ರ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಸತ್ತ ಬಂಗಾಳದ ಹೆಸರೇ ಇಲ್ಲ. ಅದಕ್ಕೇ ಈ ಪತ್ರ.

ಬ್ರಿಟನ್ನಿನಲ್ಲಿ 1940ರ ಜನವರಿ 8ರಿಂದ ರೇಷನ್ ಶುರುವಾಯಿತು. ಮೊದಲು ಬೆಣ್ಣೆ, ಸಕ್ಕರೆ, ಹಂದಿಮಾಂಸ. ಆಮೇಲೆ ಒಂದೊಂದಾಗಿ ಉಳಿದದ್ದು. ಚಹಾಪುಡಿ ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಅಂದರೆ 57 ಗ್ರಾಂ ಇದ್ದರೆ ಹೆಚ್ಚು. ಅಂಗೈಯಲ್ಲಿ ಹಾಕಿಕೊಂಡು ನೋಡಿ, ಎಷ್ಟು ಕಡಿಮೆ ಅಂತ ತಿಳಿಯುತ್ತದೆ. ಅರಮನೆಯ ರಾಜನಿಗೂ ರೇಷನ್ ಪುಸ್ತಕ ಇತ್ತು.

ಇದನ್ನೆಲ್ಲ ನಡೆಸಿದವರು ಆಹಾರ ಮಂತ್ರಿ ಲಾರ್ಡ್ ವೂಲ್ಟನ್. ರಾಜಕೀಯದಿಂದ ಬಂದವರಲ್ಲ, ದೊಡ್ಡ ಅಂಗಡಿಗಳ ವ್ಯವಹಾರ ನೋಡಿಕೊಂಡಿದ್ದವರು. ಬೆಳಗ್ಗೆ ರೇಡಿಯೊದಲ್ಲಿ ಇರುವ ಸಾಮಾನಿನಲ್ಲೇ ಅಡುಗೆ ಮಾಡುವುದು ಹೇಗೆ ಅಂತ ಹೆಂಗಸರಿಗೆ ಹೇಳಿಸುತ್ತಿದ್ದರು. ಮಾಂಸವೇ ಇಲ್ಲದ, ಬರೀ ಆಲೂಗಡ್ಡೆ, ಕ್ಯಾರೆಟ್, ಹೂಕೋಸು ಹಾಕಿದ ಒಂದು ಪೈಗೆ ಅವರದೇ ಹೆಸರು ಬಂತು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1940ರ ಜುಲೈಯಲ್ಲಿ ತಂದ ಹಾಲಿನ ಯೋಜನೆ. ಬಸುರಿಯರಿಗೆ, ಬಾಣಂತಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಾಲು ಕಡಿಮೆ ಬೆಲೆಗೆ. ಬಡವರಿಗೆ ಸುಮ್ನೆ, ದುಡ್ಡಿಲ್ಲದೆ. ಯುದ್ಧ ಮುಗಿಯುವ ಹೊತ್ತಿಗೆ ಆ ದೇಶದಲ್ಲಿ ಹಸುಗೂಸುಗಳ ಸಾವು ಯುದ್ಧಕ್ಕೆ ಮೊದಲಿಗಿಂತ ಕಡಿಮೆಯಾಗಿತ್ತು. ಬಾಂಬ್ ಬೀಳುವ ಊರುಗಳಲ್ಲಿ ಹೀಗಾಯಿತು ಅಂದರೆ ಅದು ಸಣ್ಣ ಮಾತಲ್ಲ.

ಇನ್ನು ಅದೇ ಚರ್ಚಿಲ್ ಮಂತ್ರಿಮಂಡಲದ ಕೈಕೆಳಗಿದ್ದ ಬಂಗಾಳ ನೋಡಿ.

1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು. ರಂಗೂನ್ ಅಕ್ಕಿ ನಿಂತುಹೋಯಿತು. ಶತ್ರು ಬಂದರೆ ಕೈಗೆ ಸಿಗಬಾರದು ಅಂತ ಸರ್ಕಾರ ಬಂಗಾಳದ ಕರಾವಳಿ ಜಿಲ್ಲೆಗಳಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಕಿತ್ತುಕೊಂಡಿತು. ಸಾವಿರ ಸಾವಿರ ದೋಣಿಗಳು. ಅಲ್ಲಿ ರಸ್ತೆಗಿಂತ ನದಿಯೇ ಜಾಸ್ತಿ. ಮೀನು ಹಿಡಿಯಲು ದೋಣಿ, ಭತ್ತ ಸಾಗಿಸಲು ದೋಣಿ, ಸಂತೆಗೂ ದೋಣಿ. ನಮ್ಮ ಕಡೆ ಒಂದು ಹೋಬಳಿಯ ಎತ್ತುಗಾಡಿಗಳನ್ನೆಲ್ಲ ಒಂದೇ ವಾರದಲ್ಲಿ ಎಳೆದುಕೊಂಡು ಹೋದರೆ ಹೇಗಿರುತ್ತಿತ್ತು, ಯೋಚಿಸಿ. ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಭತ್ತಕ್ಕೆ ರೋಗ, ವ್ಯಾಪಾರಿಗಳ ಕಾಳಸಂತೆ, ಪ್ರಾಂತ್ಯ ಸರ್ಕಾರದ ಅಸಡ್ಡೆ, ಇವೂ ಸೇರಿದವು. ಅಕ್ಕಿ ಬೆಲೆ ಕೂಲಿಯವರ ಕೈಗೆ ಎಟುಕದಂತೆ ಏರಿತು.

ಆಗಲೂ ಸರ್ಕಾರ ಕೆಲವರಿಗೆ ಕಡಿಮೆ ಬೆಲೆಯಲ್ಲಿ ಅಕ್ಕಿ ಕೊಡಿಸಿತು. ಯಾರಿಗೆ? ಕಲ್ಕತ್ತೆಯಲ್ಲಿ ಯುದ್ಧದ ಸಾಮಾನು ತಯಾರಿಸುವ ಕಾರ್ಖಾನೆಗಳವರಿಗೆ, ಸರ್ಕಾರಿ ನೌಕರರಿಗೆ. ಲಂಡನ್ನಿನಲ್ಲಿ ಹಾಲಿನ ಸಾಲಿನ ಮುಂದೆ ಬಸುರಿ ಹೆಂಗಸು ನಿಂತಿದ್ದಳು. ಬಂಗಾಳದಲ್ಲಿ ಅವಳಿಗೆ ಸಾಲೇ ಇರಲಿಲ್ಲ. ಹಳ್ಳಿ ಬಿಟ್ಟು ಕಲ್ಕತ್ತೆಗೆ ನಡೆದುಬಂದವರು ಅನ್ನ ಕೇಳುವುದನ್ನು ಬಿಟ್ಟು, ಬಸಿದ ಗಂಜಿಯಾದರೂ ಕೊಡಿ ಅಂತ ಮನೆಮನೆಯ ಬಾಗಿಲಲ್ಲಿ ನಿಂತರು.

ಸತ್ತವರ ಸಂಖ್ಯೆ 15 ಲಕ್ಷ ಅಂತ ಸರ್ಕಾರದ ಆಯೋಗವೇ ಒಪ್ಪಿತು. 30 ಲಕ್ಷದವರೆಗೆ ಅಂತ ಎಷ್ಟೋ ಇತಿಹಾಸಕಾರರ ಅಂದಾಜು. ದೆಹಲಿಯಿಂದ ಲಂಡನ್ನಿಗೆ ಧಾನ್ಯಕ್ಕಾಗಿ ಮತ್ತೆ ಮತ್ತೆ ಬೇಡಿಕೆ ಹೋದರೂ ಹಡಗಿಲ್ಲ ಅನ್ನುವ ಉತ್ತರ ಬಂತು, ಕೇಳಿದ್ದಕ್ಕಿಂತ ಬಹಳ ಕಡಿಮೆ ಸಿಕ್ಕಿತು. ವೈಸ್‌ರಾಯ್ ಲಿನ್‌ಲಿತ್‌ಗೊ ಆ ಬರಗಾಲದಲ್ಲಿ ಒಂದು ಸಲವೂ ಬಂಗಾಳಕ್ಕೆ ಹೋಗಲಿಲ್ಲ. ಅವರ ನಂತರ 1943ರ ಅಕ್ಟೋಬರಿನಲ್ಲಿ ಬಂದ ವೇವೆಲ್ ಒಂದೇ ವಾರದಲ್ಲಿ ಕಲ್ಕತ್ತೆಗೆ ಹೋದರು, ಬೀದಿಯಲ್ಲಿ ನಡೆದು ನೋಡಿದರು, ಧಾನ್ಯ ಹಂಚಲು ಸೈನ್ಯ ಇಳಿಸಿದರು. ಅದಕ್ಕೂ ಮೊದಲು ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಹಸಿದವರ ಫೋಟೊಗಳನ್ನು ಅಚ್ಚು ಹಾಕಿದ್ದರು. ಬ್ರಿಟಿಷರದೇ ಪತ್ರಿಕೆ, ಬ್ರಿಟಿಷ್ ಸಂಪಾದಕ. ಲಂಡನ್ ಕಣ್ಣುಬಿಡುವಂತೆ ಮಾಡಿದ್ದರಲ್ಲಿ ಆ ಫೋಟೊಗಳ ಪಾಲು ದೊಡ್ಡದು. ಸಂಪಾದಕರೇ, ನಾಯಕರ ಸಾಲಿನಲ್ಲಿ ಅವರಿಗೂ ಜಾಗ ಕೊಡಬೇಕು, ಅಲ್ವಾ?

ಆ ವರ್ಷ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ಅಮರ್ತ್ಯ ಸೇನ್ ಒಂಬತ್ತು ವರ್ಷದ ಹುಡುಗ, ಶಾಂತಿನಿಕೇತನದಲ್ಲಿದ್ದರು. ಹಸಿದು ಬಂದವರಿಗೆ ಅಕ್ಕಿ ಕೊಡಲು ಅಜ್ಜ ಒಂದು ಸಿಗರೇಟು ಡಬ್ಬಿ ಕೊಟ್ಟಿದ್ದರಂತೆ. ಒಂದು ಮನೆಯವರಿಗೆ ಒಂದೇ ಡಬ್ಬಿ.

ನನ್ನ ಸೋದರತ್ತೆಯೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ತುಮಕೂರಿನ ಹತ್ತಿರದ ಹಳ್ಳಿಯಲ್ಲಿ ಬೆಳೆದವರು. ಆ ದಿನಗಳನ್ನು ಅವರು ಇಂದಿಗೂ ‘ಕಂಟ್ರೋಲ್ ಕಾಲ’ ಅಂತಲೇ ಕರೆಯುತ್ತಾರೆ. ಸೀಮೆಎಣ್ಣೆ ಸಿಗದೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದುದು, ಒಂದೇ ಬುಡ್ಡಿ ದೀಪವನ್ನು ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಜಗಲಿಗೆ ಒಯ್ಯುತ್ತಿದ್ದುದು, ಅವರಮ್ಮ ಉಪ್ಪಿಟ್ಟು ಮಾಡಿ ತಾವು ತಿನ್ನದೆ ಪಾತ್ರೆ ತೊಳೆಯಲು ಹೋಗುತ್ತಿದ್ದುದು, ಎಲ್ಲ ನೆನಪಿದೆ. ನಮ್ಮಲ್ಲಿ ಬಂಗಾಳದಂಥ ಸಾವು ಆಗಲಿಲ್ಲ. ಆದರೂ ಆ ಯುದ್ಧ ನಮ್ಮ ಒಲೆಯವರೆಗೆ ಬಂದಿತ್ತು.

ಆ ಕಾಲ ಕಂಡವರೆಲ್ಲ ಈಗ ತೊಂಬತ್ತರ ಆಚೀಚೆ ಇದ್ದಾರೆ. ದಯವಿಟ್ಟು ನಿಮ್ಮ ಜಿಲ್ಲಾ ವರದಿಗಾರರನ್ನು ಅವರ ಮನೆಗಳಿಗೆ ಕಳಿಸಿ, ಕೇಳಿ ಬರೆಸಿ. ನಮ್ಮ ಅತ್ತೆಗೆ ಕಿವಿ ಮಂದ, ನೆನಪು ಚುರುಕು. ಬೆಳಗ್ಗೆ ಹತ್ತರೊಳಗೆ ಬಂದರೆ ಚೆನ್ನಾಗಿ ಮಾತಾಡುತ್ತಾರೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ತುಮಕೂರು