ಟೆನಿಸ್ ಆಡಿಯೇ ಬದುಕುತ್ತೇನೆ ಎನ್ನುವ ಮಗನ ಕುರಿತು, ಗೆಳೆಯನಿಗೊಂದು ಪತ್ರ

ವಿರಾಜಪೇಟೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಪಿಯುಸಿ ಮುಗಿಸಿದ ಮಗ ಇನ್ನು ಕಾಲೇಜು ಬೇಡ, ವೃತ್ತಿಪರ ಟೆನಿಸ್ ಆಡುತ್ತೇನೆ ಎಂದು ಹಟ ಹಿಡಿದಿರುವುದನ್ನೂ, ಅವನ ಆರಂಭದ ಖರ್ಚಿಗಾಗಿ ಸಿದ್ದಾಪುರದ ಕಡೆಯ ತೋಟದಲ್ಲಿ ಒಂದು ಭಾಗ ಮಾರುವ ಯೋಚನೆ ನಿನಗೆ ಬಂದಿರುವುದನ್ನೂ ತಿಳಿದೆ. ನನ್ನ ಅಣ್ಣನ ಮಗ ಕೆಲವು ವರ್ಷ ಇದೇ ದಾರಿಯಲ್ಲಿ ನಡೆದದ್ದನ್ನು ನಾನು ಹತ್ತಿರದಿಂದ ಕಂಡವನು. ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಇದೇ ಚಿಂತೆಯಲ್ಲಿರುವ ಬೇರೆ ತಂದೆತಾಯಂದಿರೂ ಇದ್ದಾರೆ. ಅವರಿಗೂ ಓದಲು ಕೊಟ್ಟರೆ ನನ್ನ ಅಡ್ಡಿಯಿಲ್ಲ.

ನಮ್ಮ ಜಿಲ್ಲೆಯಲ್ಲಿ ಟೆನಿಸ್ ಎಂದೊಡನೆ ಎಲ್ಲರೂ ರೋಹನ್ ಬೋಪಣ್ಣನವರ ಹೆಸರು ಹೇಳುತ್ತಾರೆ, ಹೇಳಲೇಬೇಕು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ, 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ, ಅದರ ಬೆನ್ನಿಗೇ 43ನೆಯ ವಯಸ್ಸಿನಲ್ಲಿ ಡಬಲ್ಸ್‌ನ ವಿಶ್ವದ ಮೊದಲನೆಯ ಸ್ಥಾನ: ಇವೆಲ್ಲ ನಿನ್ನ ಮಗನಿಗೆ ಬಾಯಿಪಾಠವಾಗಿರುತ್ತವೆ. ಆದರೆ ಸಿಂಗಲ್ಸ್‌ನಲ್ಲಿ ಅದೇ ಬೋಪಣ್ಣನವರು ತಲುಪಿದ ಅತ್ಯುತ್ತಮ ಸ್ಥಾನ 2007ರ 213 ಎಂಬುದನ್ನು ಅವನು ಯೋಚಿಸಿದ್ದಾನೆಯೇ? ಅಷ್ಟು ಬಿರುಸಿನ ಸರ್ವ್ ಇದ್ದವರಿಗೂ ಸಿಂಗಲ್ಸ್ ಏಣಿ ಅಲ್ಲಿಗೇ ನಿಂತಿತು. ಅವರು ಡಬಲ್ಸ್‌ಗೆ ಹೊರಳಿದ್ದು ವಿವೇಕದ ನಿರ್ಧಾರವೆಂದೇ ನನ್ನ ಭಾವನೆ. ನೀನು ಕೇಳಬೇಕಾದ ಪ್ರಶ್ನೆ ಮಗ ಬೋಪಣ್ಣನಾಗುತ್ತಾನೆಯೇ ಎಂಬುದಲ್ಲ; 300ರಿಂದ 700ರ ನಡುವಿನ ರ‍್ಯಾಂಕಿಂಗ್‌ನಲ್ಲಿ ನಾಲ್ಕಾರು ವರ್ಷ ಕಳೆಯುವ ಬಾಳನ್ನು ಅವನು ಬಾಳಬಲ್ಲನೇ, ನಿಮ್ಮ ಮನೆ ತಾಳಬಲ್ಲುದೇ ಎಂಬುದು.

ಆ ಬಾಳಿನ ಲೆಕ್ಕ ಹೀಗಿದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಟೂರ್ನಿಗಳು. ನಮ್ಮ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿಯೂ ಅವು ನಡೆದಿವೆ. ಅದರ ಮೇಲೆ ಚಾಲೆಂಜರ್, ಅದಕ್ಕೂ ಮೇಲೆ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಟೂರ್ ಮತ್ತು ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳಾದ ಗ್ರ್ಯಾಂಡ್‌ಸ್ಲಾಂ. ಒಟ್ಟು 15,000 ಡಾಲರ್ ಬಹುಮಾನದ ಟೂರ್ನಿಯಲ್ಲಿ ಸಿಂಗಲ್ಸ್ ಗೆದ್ದವನಿಗೆ ಸಿಗುವುದು ಸುಮಾರು 2,160 ಡಾಲರ್, ಅರ್ಹತಾ ಸುತ್ತುಗಳ ನಂತರದ ಪ್ರಧಾನ ಹಂತದ (ಮೇನ್ ಡ್ರಾ) ಮೊದಲ ಸುತ್ತಿನಲ್ಲೇ ಸೋತವನಿಗೆ ಸುಮಾರು 156 ಡಾಲರ್. ಅದರಲ್ಲಿ ಆಯಾ ದೇಶದ ತೆರಿಗೆ ಕಳೆದು, ವಿಮಾನ, ವೀಸಾ, ಹೋಟೆಲು, ಊಟ, ರ‍್ಯಾಕೆಟ್‌ನ ಗಟ್ಟಿಂಗ್ (ತಂತಿ ಕಟ್ಟಿಸುವುದು) ಎಲ್ಲವನ್ನೂ ಆಟಗಾರನೇ ನಿಭಾಯಿಸಬೇಕು. ಕೋಚ್ ಜೊತೆಗೆ ಬಂದರೆ ಖರ್ಚು ಇಮ್ಮಡಿ. ಮ್ಯಾಚ್‌ಫಿಕ್ಸಿಂಗ್ ವಿಚಾರಣೆಗೆಂದು ನೇಮಿಸಿದ್ದ ಸ್ವತಂತ್ರ ಸಮಿತಿ 2018ರಲ್ಲಿ ನೀಡಿದ ವರದಿಯ ಪ್ರಕಾರ, ಕೋಚ್‌ನ ಖರ್ಚನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಆಟದಿಂದಲೇ ಖರ್ಚು ಸರಿದೂಗಿಸಿಕೊಳ್ಳುವವರು ಮೇಲಿನ 250ರಿಂದ 350 ಆಟಗಾರರು ಮಾತ್ರ.

ಹಣಕ್ಕಿಂತ ಕಠಿಣವಾದ ಸಂಗತಿ ಇನ್ನೊಂದಿದೆ. 32 ಮಂದಿ ಸೆಣಸುವ ಪಟ್ಟಿ, ಅಂದರೆ ಡ್ರಾ, ಎಂದರೆ ವಾರದ ಕೊನೆಗೆ 31 ಮಂದಿ ಸೋತಿರುತ್ತಾರೆ. ಈ ವೃತ್ತಿಯಲ್ಲಿ ವರ್ಷದ ಬಹುತೇಕ ಎಲ್ಲ ವಾರಗಳೂ ಸೋಲಿನಲ್ಲೇ ಮುಗಿಯುತ್ತವೆ, ಒಳ್ಳೆಯ ಆಟಗಾರನಿಗೂ ಹಾಗೆಯೇ. ನಾನೊಮ್ಮೆ ಉತ್ತರ ಕರ್ನಾಟಕದ ಒಂದು ಟೂರ್ನಿಗೆ ಅಣ್ಣನ ಮಗನ ಜೊತೆ ಹೋಗಿದ್ದೆ. ಮೂರನೆಯ ಸೆಟ್ಟಿನ ಟೈಬ್ರೇಕರ್‌ನಲ್ಲಿ ಸೋತು ಬಂದ ಹುಡುಗ ಅಳುತ್ತಾನೇನೋ ಎಂದು ನಾನು ಅಂಜಿದ್ದರೆ, ಅವನು ಬಟ್ಟೆಗಳನ್ನು ಬಚ್ಚಲಲ್ಲಿ ಒಗೆದು ಕಿಟಕಿಯ ಸರಳಿಗೆ ಹರವಿ, ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಮುಂದಿನ ವಾರದ ಪ್ರವೇಶಪಟ್ಟಿ ನೋಡುತ್ತಿದ್ದ. "ಚಿಕ್ಕಪ್ಪ, ಮೇಲಿನ ನಾಲ್ಕು ಜನ ಹೆಸರು ಹಿಂದಕ್ಕೆ ತೆಗೆದುಕೊಂಡರೆ ನನಗೆ ಮೇನ್ ಡ್ರಾ" ಎಂದ. ಅದೇ ಕೋಣೆಯ ಇನ್ನೊಂದು ಮಂಚದಲ್ಲಿದ್ದವನು, ಬಾಡಿಗೆ ಹಂಚಿಕೊಳ್ಳಲೆಂದು ಜೊತೆಯಾದವನು, ಆ ನಾಲ್ವರಲ್ಲಿ ಒಬ್ಬ. ಇಬ್ಬರೂ ನಕ್ಕರು. ನಮ್ಮ ಕೊಡಗಿನಲ್ಲಿ ಒಕ್ಕಕ್ಕೊಂದು (ಮನೆತನಕ್ಕೊಂದು) ತಂಡ ಕಟ್ಟಿ, ಸೋತರೂ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವ ಹಾಕಿ ಹಬ್ಬ ನೋಡಿ ಬೆಳೆದ ಮಗುವಿಗೆ ಈ ಒಂಟಿತನ ಒಗ್ಗುತ್ತದೆಯೇ ಎಂಬುದನ್ನು ನೀನೇ ಬಲ್ಲೆ.

ರ‍್ಯಾಂಕಿಂಗ್ ಪಾಯಿಂಟುಗಳ ಆಯುಷ್ಯ 52 ವಾರ. ಕಳೆದ ವರ್ಷ ಇದೇ ವಾರ ಗಳಿಸಿದ್ದು ಈ ವರ್ಷ ಉದುರುತ್ತದೆ. ಅಷ್ಟನ್ನು ಮತ್ತೆ ಗಳಿಸದಿದ್ದರೆ, ಮಂಡಿ ನೋವೆಂದು ಎರಡು ತಿಂಗಳು ಮನೆಯಲ್ಲಿ ಕುಳಿತರೆ, ಮತ್ತೆ ಅರ್ಹತಾ ಸುತ್ತಿನಿಂದಲೇ ಆರಂಭ. ಇದರ ಮೇಲೆ ಜೂಜುಕೋರರ ಕಾಟ ಬೇರೆ. ಸಣ್ಣ ಟೂರ್ನಿಗಳ ಪಂದ್ಯಗಳ ಮೇಲೂ ಬೆಟ್ಟಿಂಗ್ ನಡೆಯುವುದರಿಂದ, ಸೋತ ರಾತ್ರಿ ಯಾರೋ ಅಪರಿಚಿತರು ಹುಡುಗನ ಇನ್‌ಸ್ಟಾಗ್ರಾಂಗೆ ಬೈಗುಳ ಕಳಿಸುತ್ತಾರೆ. ಒಂದು ಸೆಟ್ ಬಿಟ್ಟುಕೊಟ್ಟರೆ ಹಣ ಕೊಡುತ್ತೇವೆ ಎನ್ನುವವರೂ ಇದ್ದಾರೆ. 156 ಡಾಲರ್ ಗಳಿಸಿದ ವಾರದಲ್ಲಿ ಆ ಆಮಿಷ ಎಷ್ಟು ದೊಡ್ಡದಾಗಿ ಕಾಣಬಹುದೆಂದು ಊಹಿಸಿಕೋ. ಮಗನೊಡನೆ ಈ ಮಾತನ್ನು ನೀನು ಮೊದಲೇ ಆಡಿರಬೇಕು.

ಹಾಗಾದರೆ ಯಾರಾದರೂ ಏಕೆ ಆಡುತ್ತಾರೆ? ಗ್ರ್ಯಾಂಡ್‌ಸ್ಲಾಂ ಅರ್ಹತಾ ಸುತ್ತಿಗಾಗಿ. ಸರಿಸುಮಾರು 230ರೊಳಗೆ ಬಂದರೆ ಅಲ್ಲಿ ಜಾಗ ಸಿಗುತ್ತದೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಹಂತದ ಮೊದಲ ಸುತ್ತಿನಲ್ಲೇ ಸೋತವನಿಗೆ 31,250 ಆಸ್ಟ್ರೇಲಿಯನ್ ಡಾಲರ್, ಪ್ರಧಾನ ಹಂತದ ಮೊದಲ ಸುತ್ತಿನಲ್ಲಿ ಸೋತವನಿಗೆ 1,20,000 ಇತ್ತು. ಮಾರ್ಚ್‌ನ ಹೂಮಳೆ ಬಿದ್ದರೆ ವರ್ಷದ ಫಸಲು, ಇಲ್ಲದಿದ್ದರೆ ಬರೀ ಗಿಡ ಎನ್ನುವ ನಮ್ಮ ರೊಬಸ್ಟಾ ತೋಟದ ಹಾಗೆ, ಇವರ ಇಡೀ ವರ್ಷದ ಆದಾಯ ಆ ನಾಲ್ಕು ವಾರಗಳ ಮೇಲೆ ನಿಂತಿದೆ. 2023ರ ಸೆಪ್ಟೆಂಬರ್‌ನಲ್ಲಿ ದೇಶದ ಒಂದನೆಯ ಆಟಗಾರನಾಗಿದ್ದ ಸುಮಿತ್ ನಗಾಲ್, ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದಿದ್ದರು. ನಾಲ್ಕೇ ತಿಂಗಳಲ್ಲಿ ಆಸ್ಟ್ರೇಲಿಯನ್ ಓಪನ್ ನಡೆಯುವ ಮೆಲ್ಬರ್ನ್‌ನ ಅರ್ಹತಾ ಸುತ್ತು ದಾಟಿ, 31ನೆಯ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಸೋಲಿಸಿ 1,80,000 ಆಸ್ಟ್ರೇಲಿಯನ್ ಡಾಲರ್ ಪಡೆದರು. ಅದೇ ವರ್ಷ 68ನೆಯ ಸ್ಥಾನಕ್ಕೂ ಏರಿದರು. 2018ರಲ್ಲಿ ಅರ್ಜೆಂಟೀನಾದ ಮಾರ್ಕೊ ತ್ರುಂಜೆಲ್ಲಿತಿ ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ ಸೋತು ಬಾರ್ಸಿಲೋನಾಕ್ಕೆ ಮರಳಿದ್ದವರು, ಯಾರೋ ಹಿಂದೆ ಸರಿದುದರಿಂದ ಜಾಗ ಖಾಲಿಯಾಗಿದೆ ಎಂದು ತಿಳಿದೊಡನೆ ಬಾಡಿಗೆ ಕಾರಿನಲ್ಲಿ ಅಜ್ಜಿ, ತಾಯಿ, ತಮ್ಮನನ್ನೂ ಕೂರಿಸಿಕೊಂಡು ಸುಮಾರು ಸಾವಿರ ಕಿಲೋಮೀಟರ್ ಓಡಿಸಿ, ಮರುದಿನ ಬೆಳಿಗ್ಗೆ ಬರ್ನಾರ್ಡ್ ಟಾಮಿಕ್‌ರನ್ನು ಸೋಲಿಸಿದರು. ಇಂಥ ಕಥೆಗಳನ್ನು ಹುಡುಗರು ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಾರೆ. ತಪ್ಪೆಂದು ನಾನು ಹೇಳಲಾರೆ.

ಒಂದು ಸಮಾಧಾನದ ಸಂಗತಿಯೂ ಇದೆ. ಎಟಿಪಿ 2024ರಿಂದ ಕನಿಷ್ಠ ಆದಾಯದ ಖಾತರಿ ಯೋಜನೆಯೊಂದನ್ನು ಪ್ರಯೋಗಕ್ಕೆ ತಂದಿತು: ನಿಗದಿತ ಷರತ್ತುಗಳೊಂದಿಗೆ, ಮೊದಲ ನೂರರೊಳಗಿನವರಿಗೆ ವರ್ಷಕ್ಕೆ 3,00,000 ಡಾಲರ್, 101ರಿಂದ 175ರವರೆಗೆ 1,50,000, 176ರಿಂದ 250ರವರೆಗೆ 75,000. ಬೋಪಣ್ಣನವರ 213ನೆಯ ಸ್ಥಾನಕ್ಕೆ ಅಂದು ಇಂಥ ಆಸರೆ ಇರಲಿಲ್ಲ. ಆದರೆ 251ನೆಯವನಿಗೆ ಇಂದಿಗೂ ಇಲ್ಲ. ಅಲ್ಲಿಂದ ಕೆಳಗಿನವರು ಜರ್ಮನಿ, ಫ್ರಾನ್ಸ್‌ಗಳ ಕ್ಲಬ್ ಲೀಗ್‌ಗಳಲ್ಲಿ ಆಡಿಯೋ, ಬಿಡುವಿನಲ್ಲಿ ಕೋಚಿಂಗ್ ಮಾಡಿಯೋ ದಿನ ದೂಡುತ್ತಾರೆ.

ಇನ್ನು ನನ್ನ ಸಲಹೆ. ತೋಟ ಮಾರಬೇಡ. ಕಾಫಿ ಬೆಲೆ ಚೆನ್ನಾಗಿರುವಾಗ ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಾರೆ, ಹೋದ ತೋಟ ಮಾತ್ರ ಮರಳಿ ಬರುವುದಿಲ್ಲ. ಮಗನನ್ನು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಟೆನಿಸ್ ವಿದ್ಯಾರ್ಥಿವೇತನದಲ್ಲಿ ಕಳಿಸಲು ಪ್ರಯತ್ನಿಸು. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007 ಮತ್ತು 2008ರಲ್ಲಿ ಅಲ್ಲಿನ ಅಂತರ ಕಾಲೇಜು ಸಿಂಗಲ್ಸ್ ಪ್ರಶಸ್ತಿ ಗೆದ್ದು, 2011ರಲ್ಲಿ ವಿಶ್ವದ 62ನೆಯ ಸ್ಥಾನ ತಲುಪಿದರು. ಆ ನಾಲ್ಕು ವರ್ಷ ತಡವಾಯಿತೆಂದು ಮಗ ವಾದಿಸಿದರೆ, ಪ್ರಜ್ಞೇಶ್ ಗುಣೇಶ್ವರನ್ ಮೊದಲ ಬಾರಿಗೆ ನೂರರೊಳಗೆ ಬಂದಾಗ ಅವರಿಗೆ 29 ವರ್ಷವಾಗಿತ್ತೆಂದು ಹೇಳು. ಓದು ಮುಗಿದ ಮೇಲೂ ಆಸೆ ಉಳಿದಿದ್ದರೆ, ಇಷ್ಟು ವರ್ಷ, ಇಷ್ಟು ಹಣ ಎಂದು ಅವನೊಡನೆ ಕುಳಿತು ಕಾಗದದ ಮೇಲೆ ಬರೆದು ಕಳಿಸು, ಡಬಲ್ಸ್ ಅಭ್ಯಾಸವನ್ನಂತೂ ಈಗಿನಿಂದಲೇ ಬಿಡದಿರಲಿ.

ಅಣ್ಣನ ಮಗ ಈಗ ಬೆಂಗಳೂರಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾನೆ. ಪ್ರತಿ ಟೂರ್ನಿಯ ಖರ್ಚನ್ನೂ ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಅದರ ನಕಲನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ಅತ್ತಿಗೆಯವರಿಗೂ ತೋರಿಸು. ಮುಂದಿನ ವಾರ ಅವನು ಊರಿಗೆ ಬರುತ್ತಾನೆ, ಮಗನನ್ನು ಭಾನುವಾರ ಇಲ್ಲಿಗೆ ಕಳಿಸು. ನಾವಿಬ್ಬರೂ ಅವರ ಮಾತಿನ ನಡುವೆ ಬಾಯಿ ಹಾಕುವುದು ಬೇಡ.

ನಿನ್ನ ಗೆಳೆಯ