ಇಪ್ಪತ್ತೆರಡು ಸೆಕೆಂಡಿನ ಸಾಲ

ಮೊನ್ನೆ ಕೊನೆಯ ರೇಸ್ ಮುಗಿಸಿದೆ. 50 ಮೀಟರ್ ಫ್ರೀಸ್ಟೈಲ್, ಹೀಟ್ಸ್‌ನಲ್ಲಿ ಐದನೆಯವನು, ಸಮಯ 22.24. ಸೆಮಿಫೈನಲ್ ಸಿಗಲಿಲ್ಲ. ಇದೇ ಕೊನೆ ಅಂತ ಗೊತ್ತಿತ್ತು. ಆದರೂ ಗೋಡೆ ಮುಟ್ಟಿ ತಿರುಗಿದಾಗ ಕಣ್ಣು ಹೋಗಿದ್ದು ಬೋರ್ಡಿನ ಕೊನೆಯ ಅಂಕಿಯ ಕಡೆಗೇ. ಅಭ್ಯಾಸ, ಅಲ್ವಾ?

ದೇಶದ ತಂಡಕ್ಕೆ ಈಜಿ ಹದಿನಾಲ್ಕು ವರ್ಷ ಆಯಿತು. ಆಡಿದ 50 ಮೀಟರ್ ರೇಸ್‌ಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದರೆ ಎರಡು ಗಂಟೆ ಆಗುವುದೂ ಅನುಮಾನ. ಆ ಎರಡು ಗಂಟೆಗೆ ಯಾರು ಯಾರು ನಿದ್ದೆಗೆಟ್ಟರು ಅಂತ ಪಟ್ಟಿ ಮಾಡಲು ಕೂತೆ. ಎಲ್ಲರ ಹೆಸರು ಇಲ್ಲಿ ಹಾಕುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲು ಕೋಚ್ ಸರ್. ಅವರ ಹತ್ತಿರ ಹೋದಾಗ ನಾನು ನೀರಲ್ಲಿ ಜೋರು, ಬ್ಲಾಕ್ ಮೇಲೆ, ಅಂದರೆ ರೇಸ್ ಶುರುವಿಗೆ ನಿಂತು ಹಾರುವ ಕಟ್ಟೆ ಮೇಲೆ, ದಂಡ. 'ನೀನು ಈಜ್ತೀಯ ಸರಿ, ಹಾರೋದು ಯಾವಾಗ ಕಲೀತೀಯ?' ಅಂದರು. ಆಮೇಲೆ ಆರು ತಿಂಗಳು ಬರೀ ಸ್ಟಾರ್ಟ್. ಮುಂದಿನ ಕಾಲಿನ ಬೆರಳು ಬ್ಲಾಕಿನ ಅಂಚಿಗೆ ಮಡಚಬೇಕು, ಹಿಂದಿನ ಕಾಲು ಓರೆ ಹಲಗೆಯನ್ನು ಒದೆಯಬೇಕು. ಕೈ ನೀರನ್ನು ಸೀಳಿದ ಜಾಗದಲ್ಲೇ ತಲೆ, ಸೊಂಟ, ಕಾಲು ಎಲ್ಲ ಒಳಗೆ ಹೋಗಬೇಕು. ನೀರೊಳಗೆ 15 ಮೀಟರ್ ತನಕ ಇರಬಹುದು ಅಂತ ನಿಯಮ ಇದೆ. ನನ್ನ ಕಿಕ್ ಅಷ್ಟು ದೂರ ಬಾಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ನಾನು ಎಲ್ಲಿ ಮೇಲೆ ಬರಬೇಕೋ ಅಲ್ಲಿ ಕೊಳದ ಪಕ್ಕ ಅವರ ಚಪ್ಪಲಿ ಇಟ್ಟಿರುತ್ತಿದ್ದರು. ನಾನು ಎದ್ದದ್ದು ಚಪ್ಪಲಿ ದಾಟಿಯೋ ಮೊದಲೋ ಅಂತ ನೋಡಿ ಬೈಗುಳ.

ಇನ್ನೊಂದು ವಿಷಯಕ್ಕೆ ಅವರಿಗೆ ಹೆಚ್ಚು ಋಣಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾಮರಾನ್ ಮೆಕ್‌ಇವಾಯ್ ಇದೇ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 21.25ಕ್ಕೆ ಚಿನ್ನ ಗೆದ್ದರು. ವಾರದ ಈಜನ್ನು ತೀರಾ ಕಡಿಮೆ ಮಾಡಿ, ಶಕ್ತಿ ಮತ್ತು ವೇಗದ ತರಬೇತಿಗೇ ಸಮಯ ಕೊಟ್ಟು ಗೆದ್ದವರು ಅವರು. ಅದನ್ನು ಓದಿದ ಸರ್ ಒಂದು ಸಂಜೆ ಬಂದು, 'ನಿನ್ನನ್ನ ಇಷ್ಟು ವರ್ಷ ಜಾಸ್ತಿ ಈಜಿಸಿಬಿಟ್ಟೆನೇನೋ' ಅಂದರು. ತನ್ನ ಪಾಠದ ಮೇಲೆ ತಾನೇ ಅನುಮಾನ ಪಡುವ ಗುರು ಎಷ್ಟು ಜನಕ್ಕೆ ಸಿಗುತ್ತಾರೆ? ಸರ್, ಜಾಸ್ತಿ ಆಗಿರಬಹುದು. ನನಗೆ ಬೇಜಾರಿಲ್ಲ.

ಒಂದು ಆಯ್ಕೆ ಕೂಟದಲ್ಲಿ ಫಾಲ್ಸ್ ಸ್ಟಾರ್ಟ್ ಮಾಡಿದೆ. ನಮ್ಮಲ್ಲಿ ಎರಡನೇ ಅವಕಾಶ ಇಲ್ಲ. ಸಿಗ್ನಲ್‌ಗೆ ಮೊದಲು ಹೊರಟರೆ ಆ ರೇಸ್ ಅಲ್ಲಿಗೆ ಮುಗಿಯಿತು. ಎರಡು ವರ್ಷದ ತಯಾರಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ತಪ್ಪು ನನ್ನದೇ. ಅವತ್ತು ಪಕ್ಕದ ಲೇನ್‌ನ ಗೆಳೆಯ ಗೆದ್ದ. ಗೆದ್ದವನು ಸಂಭ್ರಮ ಬಿಟ್ಟು ವಾರ್ಮ್‌ಡೌನ್ ಕೊಳದಲ್ಲಿ ನನ್ನ ಪಕ್ಕ ಸುಮ್ನೆ ಈಜುತ್ತಿದ್ದ. ಒಂದು ಮಾತೂ ಆಡಲಿಲ್ಲ. ಥ್ಯಾಂಕ್ಸ್ ಕಣೋ. ಮಾತಾಡಿದ್ದರೆ ಹೊಡೆದುಬಿಡುತ್ತಿದ್ದೆ.

ಆಮೇಲೆ ಭುಜ. ಆಪರೇಷನ್ ಆಯಿತು. ಇಪ್ಪತ್ತೊಂಬತ್ತು ದಾಟಿದ ಸ್ಪ್ರಿಂಟರ್ ವಾಪಸ್ ಬರುವುದು ಕಷ್ಟ ಅಂತ ತಿಳಿದವರೇ ಹೇಳಿದರು. ಫಿಸಿಯೋ ಮೇಡಂ ಮಾತ್ರ ಅಮೆರಿಕದ ಈಜುಗಾರ ಆಂಟನಿ ಅರ್ವಿನ್ ಕಥೆ ಹೇಳಿದರು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನ 50 ಮೀಟರ್‌ನಲ್ಲಿ 21.98ಕ್ಕೆ ಗ್ಯಾರಿ ಹಾಲ್ ಜೂನಿಯರ್ ಜೊತೆ ಚಿನ್ನ ಹಂಚಿಕೊಂಡವರು, ಮುಂದೆ ಈಜು ಬಿಟ್ಟು ವರ್ಷಗಟ್ಟಲೆ ದೂರ ಇದ್ದರು. ವಾಪಸ್ ಬಂದು 2016ರಲ್ಲಿ ರಿಯೋದಲ್ಲಿ 35ನೇ ವಯಸ್ಸಿಗೆ 21.40ರಲ್ಲಿ ಮತ್ತೆ ಚಿನ್ನ. ಎರಡನೆಯವರಿಗಿಂತ 0.01 ಸೆಕೆಂಡ್ ಮುಂದೆ. ಈ ಕಥೆ ಹೇಳಿ, ಮೇಡಂ ರಬ್ಬರ್ ಬ್ಯಾಂಡ್ ಕೈಗಿಟ್ಟು 'ಇನ್ನು ಎಳಿ' ಅಂದರು. ನಾನು ಅರ್ವಿನ್ ಆಗಲಿಲ್ಲ, ಆದರೆ ಆ ಭುಜದಲ್ಲೇ ನನ್ನ ಜೀವನದ ಬೆಸ್ಟ್ ಟೈಮ್ ಬಂತು. ಹಳೆಯದಕ್ಕಿಂತ 0.06 ಕಡಿಮೆ. ಹೊರಗಿನವರಿಗೆ ಇದು ನಗುವ ಲೆಕ್ಕ. ನಮಗೆ ಮೂರು ವರ್ಷ.

ಅಮ್ಮನಿಗೆ ಏನು ಹೇಳಲಿ? ಇವತ್ತಿಗೂ ನನ್ನ ರೇಸ್ ನೋಡಲ್ಲ. ನಾನು ಉಸಿರು ತೆಗೆದುಕೊಳ್ಳದೆ ಆಚೆ ಗೋಡೆ ತನಕ ಹೋಗ್ತೀನಿ ಅಂತ ಗೊತ್ತಾದ ದಿನದಿಂದ ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ. ಜನರ ಗದ್ದಲ ನಿಂತ ಮೇಲೆ ತೆರೆಯುತ್ತಾಳೆ. ಅಪ್ಪ ಅದೇ ಹೊತ್ತಲ್ಲಿ ಎದ್ದು ನಿಂತು ಕೂಗುತ್ತಿರುತ್ತಾರೆ. ನೀರೊಳಗೆ ಏನೂ ಕೇಳುವುದಿಲ್ಲ ಅಂತ ಅವರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕೊನೆಗೆ ತಮ್ಮ. ಚಿಕ್ಕಂದಿನಲ್ಲಿ ನನ್ನ ಟೈಮ್‌ಕೀಪರ್ ಅವನೇ. ಹಳೇ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದ. ಸಿಗ್ನಲ್‌ಗೆ ಒತ್ತಬೇಕು ಅಂತ ಎಷ್ಟು ಹೇಳಿದರೂ, ನಾನು ನೀರಿಗೆ ಬಿದ್ದು ಹನಿ ಚಿಮ್ಮಿದ್ದು ನೋಡಿದ ಮೇಲೆಯೇ ಒತ್ತುತ್ತಿದ್ದ. ಹೀಗಾಗಿ ಅವನ ಲೆಕ್ಕದಲ್ಲಿ ನಾನು ಯಾವಾಗಲೂ ಮಹಾ ವೇಗ. 2009ರಲ್ಲಿ ಬ್ರೆಜಿಲ್‌ನ ಸೀಸರ್ ಸಿಯೆಲೊ 20.91 ಈಜಿ ವಿಶ್ವದಾಖಲೆ ಮಾಡಿದಾಗ, ಅದು ನೀರಲ್ಲಿ ವೇಗ ಹೆಚ್ಚಿಸುವ ಪಾಲಿಯುರೆಥೇನ್ ಸೂಟ್‌ಗಳ ಕಾಲ ಅಂತ ನಾನೇ ಅವನಿಗೆ ವಿವರಿಸಿದ್ದೆ. 2010ರಿಂದ ಆ ಸೂಟ್‌ಗಳು ನಿಷೇಧ ಆದವು. 'ಹಾಗಾದ್ರೆ ಚಡ್ಡಿಯಲ್ಲೇ ಮುರಿ' ಅಂದಿದ್ದ.

ಮೊನ್ನೆಯೂ ಗ್ಯಾಲರಿಯಲ್ಲಿ ಅದೇ ವಾಚ್ ಹಿಡಿದು ಕೂತಿದ್ದ. ರೇಸ್ ಆದ ಮೇಲೆ ಕೆಳಗೆ ಬಂದು ತೋರಿಸಿದ. 20.88. ಅಳಿಸಬೇಡ ಅಂದಿದ್ದೇನೆ.