ಮಗಳಿಗೊಂದು ಪತ್ರ: ಡಬ್ಬಿಗಿಂತ ಮೊದಲು ತಟ್ಟೆ ನೋಡು

ಮಾಟುಂಗಾ, ಮುಂಬಯಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ದೊಡ್ಡದು ಮಾಡಿ ಒಂದೊಂದೇ ಡಬ್ಬಿಯ ಲೇಬಲ್ ಓದಿದೆ. ಮಲ್ಟಿವಿಟಮಿನ್, ಬಯೊಟಿನ್, ಕ್ಯಾಲ್ಸಿಯಂ, ಐರನ್, ವಿಟಮಿನ್ ಡಿ ಪೊಟ್ಟಣ, ಮತ್ತೆ ಆ ಹಸಿರು ಡಬ್ಬಿಯ ಫ್ಯಾಟ್ ಬರ್ನರ್. "ಆಯಿ, ಇಂಜೆಕ್ಷನ್ ಜೊತೆ ಇವನ್ನೆಲ್ಲ ತಗೋಬಹುದಾ?" ಅಂತ ಒಂದೇ ಸಾಲು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಮೀಟಿಂಗ್ ನಡುವೆ ಅರ್ಧ ಕೇಳಿಸಿಕೊಳ್ಳುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೋ.

ಮೊದಲು ಒಂದು ಮಾತು. ನೀನು ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಶುರು ಮಾಡಿದ್ದಕ್ಕೆ ನನಗೆ ಸ್ವಲ್ಪವೂ ಬೇಸರ ಇಲ್ಲ. ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಕ್ಕೆ ಹೋದಾಗ ಯಾರೋ "ವಾಕಿಂಗ್ ಮಾಡಿದ್ರೆ ಸಾಕಿತ್ತಲ್ಲ" ಅಂದರು. ಕಾಲೇಜಿನಿಂದ ನಿನಗೆ ಪಿಸಿಒಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇದೆ, ಥೈರಾಯ್ಡ್ ಇದೆ. ನೀನು ಎಷ್ಟು ನಡೆದಿದ್ದೀಯ, ಎಷ್ಟು ಹೊಟ್ಟೆ ಕಟ್ಟಿದ್ದೀಯ ಅಂತ ನೋಡಿದವಳು ನಾನು. ಬೊಜ್ಜು ಒಂದು ಕಾಯಿಲೆ. ಕಾಯಿಲೆಗೆ ಔಷಧಿ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಾನು ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತ ಕಾಲದಲ್ಲಿ ತೂಕ ಇಳಿಸುವ ಔಷಧಿ ಎಂದರೆ ಆರ್ಲಿಸ್ಟಾಟ್ ಅಥವಾ ಸಿಬುಟ್ರಮೀನ್. ಸಿಬುಟ್ರಮೀನ್ ಹೃದಯಕ್ಕೆ ಅಪಾಯ ಅಂತ ಗೊತ್ತಾಗಿ 2011ರಲ್ಲಿ ನಮ್ಮ ದೇಶದಲ್ಲೂ ನಿಂತಿತು. ಆರ್ಲಿಸ್ಟಾಟ್ ಇವತ್ತಿಗೂ ಇದೆ. ಅದು ಕರುಳಿನಲ್ಲಿ ಕೊಬ್ಬು ಜೀರ್ಣವಾಗುವುದನ್ನೇ ತಡೆಯುತ್ತದೆ. ತಿಂದ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಪಾಲು ಹಾಗೇ ಹೊರಗೆ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆಗೇ ಹೊರಟುಬಿಡುತ್ತವೆ. ಹಾಗಾಗಿ ಆರ್ಲಿಸ್ಟಾಟ್ ತೆಗೆದುಕೊಳ್ಳುವವರಿಗೆ ಮಲ್ಟಿವಿಟಮಿನ್ ಬೇಕೇ ಬೇಕು. ಅದೂ ಆರ್ಲಿಸ್ಟಾಟಿಗೂ ಅದಕ್ಕೂ ಕನಿಷ್ಠ 2 ಗಂಟೆ ಅಂತರ ಇಟ್ಟು. ರಾತ್ರಿ ಮಲಗುವಾಗ ತಗೊಂಡರೆ ಸುಲಭ. ನಿನ್ನ ಆಫೀಸಿನ ಗೆಳತಿ ಆರ್ಲಿಸ್ಟಾಟ್ ತಗೊಳ್ತಾಳೆ ಅಂದಿದ್ದೆಯಲ್ಲ, ಅವಳಿಗೆ ಇದನ್ನು ಹೇಳು. ಅವಳ ವಿಟಮಿನ್ ಪಟ್ಟಿ ನೋಡಿ ನೀನು ಡಬ್ಬಿ ಕೊಳ್ಳಬೇಡ.

ಯಾಕೆಂದರೆ ನಿನ್ನ ಸೆಮಾಗ್ಲುಟೈಡ್ ಕೆಲಸ ಮಾಡುವ ರೀತಿಯೇ ಬೇರೆ. ಅದು ವಿಟಮಿನ್ ಹೀರಿಕೊಳ್ಳುವುದನ್ನು ಹಾಗೆ ತಡೆಯುವುದಿಲ್ಲ. ಹಸಿವು ಕಡಿಮೆ ಮಾಡುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ. ಮೊದಲು ಮೂರು ಚಪಾತಿ ತಿನ್ನುತ್ತಿದ್ದವಳು ಈಗ ಒಂದಕ್ಕೇ ಸಾಕು ಅನ್ನುತ್ತೀಯ. ಕ್ಯಾಲರಿ ಕಡಿಮೆ ಆಯಿತು, ಸರಿ. ಅದರ ಜೊತೆ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ, ನಾರು, ಬಿ ವಿಟಮಿನ್‌ಗಳೂ ಅಷ್ಟೇ ಕಡಿಮೆ ಆದವು. ನಿನ್ನ ವಿಟಮಿನ್ ಪ್ರಶ್ನೆಯ ಬುಡ ಇಲ್ಲಿದೆ. ತಟ್ಟೆ ಚಿಕ್ಕದಾಗಿದೆ, ಅದರಲ್ಲಿ ಏನಿದೆ ಅನ್ನುವುದು ಮೊದಲಿಗಿಂತ ಜಾಸ್ತಿ ಮುಖ್ಯವಾಗಿದೆ.

ಕಳೆದ ಸಲ ನಾನು ಪುಣೆಯ ವಾಕಡಿಗೆ, ನಿನ್ನ ಮನೆಗೆ, ಬಂದಾಗ ನೀನು ತಿಂದದ್ದು ನೆನಪಿದೆ. ಬೆಳಿಗ್ಗೆ ಕಾಫಿ, ಎರಡು ಮಾರಿ ಬಿಸ್ಕತ್ತು. ಮಧ್ಯಾಹ್ನ ನಾಲ್ಕು ತುತ್ತು ಅನ್ನ, ಸಾರು. ಸಂಜೆ ಏನೂ ಇಲ್ಲ. ರಾತ್ರಿ ಅರ್ಧ ಬಟ್ಟಲು ಪೋಹೆ. ಇದರಲ್ಲಿ ಪ್ರೋಟೀನ್ ಎಲ್ಲಿದೆ ಹೇಳು? ತೂಕ ಇಳಿಯುವಾಗ ಬರೀ ಕೊಬ್ಬು ಕರಗುವುದಿಲ್ಲ, ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸುವ ವಿಟಮಿನ್ ಮಾತ್ರೆ ಯಾವುದೂ ಇಲ್ಲ. ಪ್ರೋಟೀನ್ ಬೇಕು, ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ವ್ಯಾಯಾಮ ಬೇಕು. ನಿನ್ನಂಥವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿನ್ನ ಡಾಕ್ಟರ್ ಹತ್ತಿರ ನಿನ್ನ ಲೆಕ್ಕ ಕೇಳು.

ನಾವು ಮೊಟ್ಟೆ ಮೀನು ಮುಟ್ಟದವರು, ಹಾಗಾಗಿ ಇಷ್ಟು ಪ್ರೋಟೀನ್ ತಾನಾಗಿ ಬರುವುದಿಲ್ಲ, ಗಮನ ಕೊಟ್ಟು ತರಬೇಕು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ. ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ ನೆನೆಸಿದರೆ ಅದರಲ್ಲೇ 25 ಗ್ರಾಂ ಸಿಗುತ್ತದೆ. ಪುಣೆಯಲ್ಲಿ ಮೊಳಕೆ ಬಂದ ಮಟಕಿ (ಮಡಿಕೆ ಕಾಳು) ಬೀದಿ ಬೀದಿಯಲ್ಲಿ ಸಿಗುತ್ತದೆ, ಅದರ ಉಸಳ್ ಪಲ್ಯ ಮಾಡಲು ನಿನಗೆ ಗೊತ್ತು. ತಟ್ಟೆಗೆ ಮೊದಲು ಕಾಳು, ಮೊಸರು, ಪನೀರ್ ಬಡಿಸಿಕೋ. ಅದನ್ನು ತಿಂದಮೇಲೆ ಜಾಗ ಉಳಿದರೆ ಅನ್ನ. ಒಂದೆಲಗದ ತಂಬುಳಿ ಅಂತೂ ಓಕರಿಕೆ ಇದ್ದ ದಿನವೂ ಒಳಗೆ ಹೋಗುತ್ತದೆ, ತಣ್ಣಗೆ ಕುಡಿ. ಮೊಸರು ಸ್ವಲ್ಪ ಗಟ್ಟಿ ಹಾಕು.

ಈಗ ಡಬ್ಬಿಗಳ ವಿಷಯಕ್ಕೆ ಬರುತ್ತೇನೆ.

ನಿನ್ನ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಬಿ12 ಬಗ್ಗೆ. ಫೋಟೊದಲ್ಲಿ ಅದರ ಮಾತ್ರೆಯೇ ಇರಲಿಲ್ಲ. ನೀನು ಪಿಸಿಒಡಿಗೆ ಮೆಟ್‌ಫಾರ್ಮಿನ್ ತಗೊಂಡು ವರ್ಷಗಳೇ ಆದವು. ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುವುದು ಮೆಟ್‌ಫಾರ್ಮಿನ್. ಎಷ್ಟು ಜಾಸ್ತಿ ಡೋಸ್, ಎಷ್ಟು ವರ್ಷ, ಅಷ್ಟು ಜಾಸ್ತಿ ಸಾಧ್ಯತೆ. ನಮ್ಮ ಊಟದಲ್ಲಿ ಬಿ12 ಬರುವುದು ಹಾಲು ಮೊಸರಿನಿಂದ ಮಾತ್ರ. ಈಗ ಅದನ್ನೂ ಕಡಿಮೆ ಮಾಡಿದ್ದೀಯ. ಇದು ಕೊರತೆಯಾದರೆ ಸುಸ್ತು, ಬಾಯಿ ಹುಣ್ಣು, ಕಾಲು ಜುಮುಜುಮು, ಮರೆವು ಬರುತ್ತದೆ. ಲಿವರಿನಲ್ಲಿ ಬಿ12 ದಾಸ್ತಾನು ವರ್ಷಗಟ್ಟಲೆ ಇರುತ್ತದೆ, ಹಾಗಾಗಿ ಖಾಲಿಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ನರಕ್ಕೆ ಆದ ಪೆಟ್ಟು ಕೆಲವೊಮ್ಮೆ ಪೂರ್ತಿ ವಾಸಿ ಆಗುವುದೂ ಇಲ್ಲ. ಟೆಸ್ಟ್ ಮಾಡಿಸು. ಮೆಟ್‌ಫಾರ್ಮಿನ್ ಮಾತ್ರ ನೀನಾಗೇ ನಿಲ್ಲಿಸಬೇಡ.

ವಿಟಮಿನ್ ಡಿ ಪೊಟ್ಟಣದ ಮೇಲೆ 60,000 ಐಯು ಅಂತ ಬರೆದಿದೆ, ನೋಡಿದೆಯಾ? ಅದು ವಾರಕ್ಕೊಮ್ಮೆ ತೆಗೆದುಕೊಳ್ಳುವುದು, ಅದೂ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಹೆಂಗಸು ಅದನ್ನು ದಿನಾ ಹಾಲಿಗೆ ಬೆರೆಸಿ ಕುಡಿದುಬಿಟ್ಟಿದ್ದರು. ಚೀಟಿಯಲ್ಲಿ ವಾರಕ್ಕೊಂದು ಅಂತಲೇ ಇತ್ತು, ಮನೆಯಲ್ಲಿ ಯಾರೂ ಓದಿರಲಿಲ್ಲ. ಓಕರಿಕೆ, ವಿಪರೀತ ಬಾಯಾರಿಕೆ, ಮಲಬದ್ಧತೆ ಶುರುವಾಯಿತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದರು. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೇನೆ ಗೊತ್ತಾ? ಓಕರಿಕೆ, ಮಲಬದ್ಧತೆ ನಿನ್ನ ಇಂಜೆಕ್ಷನ್ನಿನಿಂದಲೂ ಬರುತ್ತವೆ. ಡಿ ಜಾಸ್ತಿಯಾಗಿ ಬಂದರೂ "ಇಂಜೆಕ್ಷನ್ನಿನದ್ದೇ ಇರಬೇಕು" ಅಂದುಕೊಂಡು ಸುಮ್ನೆ ಕೂರುತ್ತೀಯ. ಫ್ಲ್ಯಾಟಿನಲ್ಲಿ ಕೂತು ಕೆಲಸ ಮಾಡುವ ನಿನ್ನಲ್ಲಿ ಡಿ ಕಡಿಮೆ ಇರಬಹುದು, ಇಲ್ಲ ಅನ್ನುವುದಿಲ್ಲ. ಎಷ್ಟಿದೆ ಅಂತ ನೋಡಿ ಆಮೇಲೆ ತಗೋ. ತಗೊಂಡಾಗ ಸ್ವಲ್ಪ ತುಪ್ಪ ಎಣ್ಣೆ ಇರುವ ಊಟದ ಜೊತೆ ತಗೋ, ಚೆನ್ನಾಗಿ ಹತ್ತುತ್ತದೆ.

ಬಯೊಟಿನ್ ನಿಲ್ಲಿಸು. ಕೂದಲು ಉದುರುತ್ತಿದೆ ಅಂತ ಹೆದರಿ ತಂದಿದ್ದೀಯ, ಗೊತ್ತು. ಬೇಗ ತೂಕ ಇಳಿದಾಗ ಎರಡು ಮೂರು ತಿಂಗಳಾದ ಮೇಲೆ ಕೂದಲು ಉದುರುವುದು ಸಾಮಾನ್ಯ. ತೂಕ ಒಂದು ಕಡೆ ನಿಂತಮೇಲೆ ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತದೆ. ಅದಕ್ಕೆ ಪ್ರೋಟೀನ್ ಬೇಕು, ಕಬ್ಬಿಣ ಕಡಿಮೆ ಇದ್ದರೆ ಕಬ್ಬಿಣ ಬೇಕು. ದೇಹಕ್ಕೆ ದಿನಕ್ಕೆ ಬೇಕಾದ ಬಯೊಟಿನ್ 30-40 ಮೈಕ್ರೊಗ್ರಾಂ. ನಿನ್ನ ಮಾತ್ರೆ 10 ಮಿಲಿಗ್ರಾಮಿನದು, ಅಂದರೆ 10,000 ಮೈಕ್ರೊಗ್ರಾಂ! ಇಷ್ಟು ಬಯೊಟಿನ್ ರಕ್ತದಲ್ಲಿದ್ದರೆ ಥೈರಾಯ್ಡ್ ಟೆಸ್ಟ್ ತಪ್ಪು ತೋರಿಸಬಹುದು. ಟಿಎಸ್‌ಎಚ್ ಕಡಿಮೆ ಅಂತ ಬಂದು, ಯಾರೋ ನಿನ್ನ ಥೈರಾಯ್ಡ್ ಡೋಸ್ ಇಳಿಸಿಬಿಟ್ಟರೆ? ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿರಬೇಕು. ಲ್ಯಾಬಿನವರಿಗೂ ಹೇಳು.

ಆ ಹಸಿರು ಡಬ್ಬಿಯನ್ನು ಇವತ್ತೇ ಎಸೆದುಬಿಡು. ಅದರಲ್ಲಿರುವ ಗಾರ್ಸೀನಿಯಾ ಅಂದರೆ ಬೇರೇನಲ್ಲ, ನಮ್ಮ ಶಿರಸಿ ಕಡೆಯ ಉಪ್ಪಾಗೆ. ಊರಿನಲ್ಲಿ ಅದರ ಬೀಜದ ತುಪ್ಪ ತಿಂದು ಬೆಳೆದವರು ನಾವು, ಉಪ್ಪಾಗೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಸಿಪ್ಪೆಯ ಸಾರ ತೆಗೆದು ಗಟ್ಟಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ದನ್ನು ತಿಂದು ಲಿವರ್ ಕೆಟ್ಟ ಉದಾಹರಣೆಗಳು ವೈದ್ಯಲೋಕದಲ್ಲಿ ದಾಖಲಾಗಿವೆ. ಗ್ರೀನ್ ಟೀ ಸಾರದ ಕ್ಯಾಪ್ಸೂಲಿನ ಕತೆಯೂ ಹಾಗೇ. ಕೆಲಸ ಮಾಡುವ ಔಷಧಿ ನಿನ್ನ ಕೈಯಲ್ಲಿರುವಾಗ ಇದು ಯಾಕೆ ಬೇಕು?

ಉಳಿದದ್ದರಲ್ಲಿ ಹೊತ್ತು ಮುಖ್ಯ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ ಅರ್ಧ ಒಂದು ಗಂಟೆ ಕಾಯಲಿ. ಕ್ಯಾಲ್ಸಿಯಂ, ಐರನ್, ಅವು ಸೇರಿರುವ ಮಲ್ಟಿವಿಟಮಿನ್, ಎಲ್ಲ ಅದಾಗಿ 4 ಗಂಟೆ ಬಿಟ್ಟು. ನೀನು ಎಲ್ಲ ಮಾತ್ರೆ ಒಟ್ಟಿಗೆ ಅಂಗೈಗೆ ಹಾಕಿಕೊಂಡು ನುಂಗುವುದನ್ನು ನೋಡಿದ್ದೇನೆ. ಹಾಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹತ್ತುವುದೇ ಇಲ್ಲ. ಐರನ್, ಕ್ಯಾಲ್ಸಿಯಂ ಸಹ ಒಂದೇ ಹೊತ್ತಿಗೆ ಬೇಡ. ಐರನ್ ಜೊತೆ ನಿಂಬೆಹಣ್ಣಿನ ನೀರು ಒಳ್ಳೆಯದು, ಚಹಾ ಕಾಫಿ ದೂರ ಇರಲಿ. ಐರನ್ ಮಲಬದ್ಧತೆ ಜಾಸ್ತಿ ಮಾಡುತ್ತದೆ. ನಿನಗೆ ಮೊದಲೇ ಆ ತೊಂದರೆ ಇದೆ, ಹಾಗಾಗಿ ಫೆರಿಟಿನ್, ಅಂದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಟೆಸ್ಟ್, ನೋಡದೆ ಐರನ್ ಬೇಡವೇ ಬೇಡ. ಬೇಕಾದರೆ, ದಿನ ಬಿಟ್ಟು ದಿನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳು. ಒಂದು ಸಾಧಾರಣ ಮಲ್ಟಿವಿಟಮಿನ್ ಊಟದ ಜೊತೆ ತಗೊಂಡರೆ ನನ್ನ ಅಡ್ಡಿ ಇಲ್ಲ. ಇಷ್ಟು ಕಡಿಮೆ ತಿನ್ನುವಾಗ ಅದು ಆಸರೆ. ಖಾಲಿ ಹೊಟ್ಟೆಗೆ ಬೇಡ, ಓಕರಿಕೆ ಬರುತ್ತದೆ.

ಇನ್ನೊಂದು ವಿಷಯ, ಇದನ್ನು ಅಳಿಯಂದಿರಿಗೂ ಓದಿ ಹೇಳು. ಡೋಸ್ ಏರಿಸಿದಾಗ ಸ್ವಲ್ಪ ಓಕರಿಕೆ ಸಹಜ. ಆದರೆ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ. ಬಿ1, ಅಂದರೆ ಥಯಾಮಿನ್, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದೆ. ಅದು ಖಾಲಿಯಾದರೆ ಕಣ್ಣು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲ ಶುರುವಾಗುತ್ತದೆ. ಆಗ ತಡ ಮಾಡುವಂತಿಲ್ಲ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮೂಲಕವೇ ಕೊಡಬೇಕು. ಹೊಟ್ಟೆನೋವು ಜೋರಾಗಿ ಬೆನ್ನಿಗೆ ಹೊಡೆದರೂ ಹಾಗೇ, ರಾತ್ರಿಯಾದರೂ ಹೊರಡಿ.

ಮಗುವಿನ ಯೋಚನೆ ಇದೆ ಅಂತ ದೀಪಾವಳಿಯಲ್ಲಿ ನೀನು ಹೇಳಿದ್ದೆ. ಅವಸರ ಮಾಡುತ್ತಿಲ್ಲ. ತೂಕ ಇಳಿದ ಹಾಗೆ ಪಿಸಿಒಡಿ ಇದ್ದವರಿಗೂ ಮುಟ್ಟು ಸರಿಯಾಗಿ, ಅಂದುಕೊಳ್ಳದೆಯೇ ಗರ್ಭ ನಿಲ್ಲುವುದುಂಟು. ಸೆಮಾಗ್ಲುಟೈಡನ್ನು ಗರ್ಭ ಧರಿಸುವ ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು. ಫೋಲಿಕ್ ಆಸಿಡ್ ಮಾತ್ರ ಮೊದಲೇ ಶುರು ಮಾಡುವಂಥದ್ದು. ವಿಟಮಿನ್ ಎ ಜಾಸ್ತಿ ಡೋಸಿನಲ್ಲಿ ಇರುವ ಯಾವ ಮಾತ್ರೆಯೂ ಬೇಡ, ಮಗುವಿಗೆ ಕೆಟ್ಟದ್ದು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಈ ಮಾತು ನೀನೇ ಎತ್ತು, ಅವರು ಕೇಳಲಿ ಅಂತ ಕಾಯಬೇಡ. ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ ಮೇಜಿನ ಮೇಲೆ ಇಡು. "ವಿಟಮಿನ್ ತಾನೇ" ಅಂತ ಯಾವುದನ್ನೂ ಮುಚ್ಚಿಡಬೇಡ.

ಶನಿವಾರ ಅಪ್ಪ ಇಂದ್ರಾಯಣಿ ರೈಲಿಗೆ ಬರುತ್ತಾರೆ. ಮಾಟುಂಗಾ ಮಾರ್ಕೆಟ್ಟಿನಿಂದ ನುಗ್ಗೆಸೊಪ್ಪು, ಒಂದೆಲಗ ತಂದು ಕಟ್ಟಿಕೊಡುತ್ತೇನೆ. ಹುರಿದ ರಾಗಿಹಿಟ್ಟೂ ಇದೆ. ಓಕರಿಕೆ ಇಲ್ಲದ ದಿನ ಹಾಲು ಹಾಕಿ ಗಂಜಿ ಮಾಡಿಕೋ, ಕ್ಯಾಲ್ಸಿಯಂ ಮಾತ್ರೆಯ ಅಗತ್ಯ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಅಪ್ಪ ಅಲ್ಲಿರುವಾಗಲೇ ಲ್ಯಾಬಿಗೆ ಹೋಗಿ ಬಾ: ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್, ಫೆರಿಟಿನ್, ಕ್ಯಾಲ್ಸಿಯಂ, ಟಿಎಸ್‌ಎಚ್, ಕಿಡ್ನಿಗೆ ಕ್ರಿಯಾಟಿನಿನ್. ಬಯೊಟಿನ್ ಇವತ್ತಿನಿಂದಲೇ ನಿಲ್ಲಿಸಿದರೆ ಅಷ್ಟರೊಳಗೆ ಸಾಕಷ್ಟು ದಿನ ಆಗಿರುತ್ತದೆ. ರಿಪೋರ್ಟ್ ಬಂದ ಕೂಡಲೇ ನನಗೂ ಕಳಿಸು.

ನಿನ್ನ,
ಆಯಿ